ಮೂರು ಗಾಲಿ, ಎರಡು ಕಿವಿ

ನಮ್ಮ ಕಾಯ್ಕಿಣಿಯಲ್ಲಿ ಅಂಗಳಕ್ಕೆ ಬರುವ ಮೊದಲೇ ರಿಕ್ಷಾ ಯಾರದೆಂದು ಗೊತ್ತಾಗಿಬಿಡುತ್ತದೆ. ತೋಟದಾಚೆಯ ತಿರುವಿನಲ್ಲಿ ಗೇರು ಇಳಿಸುವಾಗಿನ ಗೊರಗೊರ, ಏರಿನಲ್ಲಿ ಎಂಜಿನ್ನು ಕಷ್ಟಪಟ್ಟು ಎಳೆಯುವ ಧಾಟಿ, ಹೊಂಡಕ್ಕೆ ಇಳಿದಾಗ ತಗಡು ಹೊರಡಿಸುವ ಶಬ್ದ, ಇಷ್ಟು ಕಿವಿಗೆ ಬಿದ್ದರೆ ಸಾಕು, ಅಡುಗೆಮನೆಯಲ್ಲಿದ್ದವರು ‘ಸ್ಟೇಶನ್ನಿಂದ ನೆಂಟ್ರು ಬಂದ್ರು ಕಾಣ್ತದೆ, ಚಾಕ್ಕೆ ನೀರಿಡಿ’ ಎನ್ನುತ್ತಾರೆ. ಹೇಳಿದ್ದು ತಪ್ಪುವುದು ಕಡಿಮೆ.

ಇಷ್ಟು ಬಳಕೆಯ ಸದ್ದಿನ ಮೇಲೆ ದೂರು ಹೇಳುವುದಕ್ಕೆಂದು ನಾನು ಹರಟೆಗೆ ಕೂತಿಲ್ಲ. ರಿಕ್ಷಾದ ಸದ್ದು ಒಂದು ವಿಷಯ, ಅದರ ಸುರಕ್ಷತೆ ಇನ್ನೊಂದು ವಿಷಯ ಎಂದು ನಾವೆಲ್ಲ ಬೇರೆ ಬೇರೆ ಇಟ್ಟು ಮಾತಾಡುತ್ತೇವಲ್ಲ, ಅದು ಸರಿಯಲ್ಲ ಎಂದು ಬಹಳ ಕಾಲದಿಂದ ಅನಿಸಿದೆ. ಮೈ ಕಿರಿದು, ತೂಕ ಕಡಿಮೆ, ಗಾಲಿ ಮೂರೇ ಮೂರು. ಇಂಥ ಗಾಡಿಯಲ್ಲಿ ಚಾಲಕನ ಕಿವಿಗೆ ಏನು ಬೀಳುತ್ತದೆ, ಏನು ಬೀಳುವುದಿಲ್ಲ ಎನ್ನುವುದರ ಮೇಲೆ ಒಳಗೆ ಕೂತವರ ಜೀವ ನಿಂತಿರುತ್ತದೆ.

ಮೊದಲು ಈ ಗಾಡಿಯ ಉಪಕಾರವನ್ನು ನೆನೆಯಬೇಕು. ರಿಕ್ಷಾದ ಅಗಲ ಸುಮಾರು 1.3 ಮೀಟರ್. ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಸುಮಾರು ಮೂರು ಮೀಟರ್ ತ್ರಿಜ್ಯದಲ್ಲಿ ತಿರುಗಿ ನಿಲ್ಲುತ್ತದೆ. ನಮ್ಮ ಕಡೆ ಎರಡೂ ಬದಿ ಚಿರೆಕಲ್ಲಿನ ಪಾಗಾರ, ನಡುವೆ ಎತ್ತಿನಗಾಡಿಯ ಕಾಲದ ದಾರಿ. ಕಾರು ಅಲ್ಲಿ ಕನ್ನಡಿ ಮಡಚಿಕೊಂಡರೂ ಹೋಗಲಾರದು. ಆಸ್ಪತ್ರೆಗೆ ಹೊರಟ ಬಸುರಿ, ಸಂತೆಗೆ ಹೊರಟ ತರಕಾರಿ ಚೀಲ, ಮೀನಿನ ಬುಟ್ಟಿ, ಶಾಲೆಯ ಮಕ್ಕಳು, ಯಕ್ಷಗಾನದ ಆಟ ನೋಡಿ ಬೆಳಗಿನ ಜಾವ ಮರಳುವವರು, ಎಲ್ಲರಿಗೂ ಮನೆ ಬಾಗಿಲ ತನಕ ಬರುವ ವಾಹನ ಇದೊಂದೇ. ಮುರುಡೇಶ್ವರದಲ್ಲಿ 123 ಅಡಿಯ ಶಿವನ ಮೂರ್ತಿಯೂ ಆಮೇಲೆ 20 ಅಂತಸ್ತಿನ ರಾಜಗೋಪುರವೂ ಎದ್ದು ನಿಂತ ಮೇಲೆ ಪ್ರವಾಸಿಗಳ ಬಾಡಿಗೆಯೂ ಸೇರಿಕೊಂಡು ಸ್ಟ್ಯಾಂಡಿನ ಸಾಲು ಉದ್ದವಾಯಿತು.

ಆರಂಭದಲ್ಲಿ ನೆಂಟರ ಮಾತು ಬಂತಲ್ಲ. ಕಾಯ್ಕಿಣಿ ಎಂಬ ಹೆಸರನ್ನು ನಾಡಿನವರು ಊರಿಗಿಂತ ಹೆಚ್ಚಾಗಿ ಮನೆತನದ ಹೆಸರಾಗಿ ಬಲ್ಲರು. ಚಿತ್ರಾಪುರ ಸಾರಸ್ವತರು ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತುಕೊಂಡು ಮುಂಬಯಿಗೆ, ಅಲ್ಲಿಂದಾಚೆಗೆ ಹೋದವರು. ಗೋಕರ್ಣದ ಗೌರೀಶ ಕಾಯ್ಕಿಣಿ, ಅವರ ಮಗ ಜಯಂತ ಕಾಯ್ಕಿಣಿ ಕನ್ನಡದ ಓದುಗರಿಗೆ ಮನೆಯವರಿದ್ದಂತೆ. ಆಗ್ರಾ ಘರಾಣೆಯ ದಿನಕರ ಕಾಯ್ಕಿಣಿ ಸಂಗೀತದವರಿಗೆ ಬೇಕಾದವರು. 1998ರಲ್ಲಿ ಕೊಂಕಣ ರೈಲು ಪೂರ್ತಿ ದಾರಿಯಲ್ಲಿ ಓಡತೊಡಗಿದ ಮೇಲೆ ಮುಂಬಯಿಯ ನೆಂಟರು ರಾತ್ರಿ ಹತ್ತಿ ಮರುದಿನ ಮುರುಡೇಶ್ವರ ಸ್ಟೇಶನ್ನಿನಲ್ಲಿ ಇಳಿಯುವುದು ಸುಲಭವಾಯಿತು. ಹಾಗೆ ಇಳಿದ ಒಬ್ಬರು, ಸಂಗೀತ ಕೇಳುವುದರಲ್ಲೇ ಆಯುಷ್ಯ ಕಳೆದವರು, ರಿಕ್ಷಾದಿಂದ ಇಳಿಯುತ್ತ ನಮ್ಮ ಚಾಲಕರನ್ನು ಕೇಳಿದರು: ‘ಇಷ್ಟು ಚಂದದ ಪದ್ಯ ಹಾಕಿದ್ದೀರಿ, ಒಂದು ಅಕ್ಷರ ನೆಟ್ಟಗೆ ಕೇಳಲಿಲ್ಲ. ಈ ಸದ್ದನ್ನು ಸ್ವಲ್ಪ ಕಡಿಮೆ ಮಾಡಲಿಕ್ಕೆ ಆಗುವುದಿಲ್ಲವೇ?’

ಚಾಲಕರು ಬಾಡಿಗೆ ಎಣಿಸಿಕೊಳ್ಳುತ್ತ ಹೇಳಿದ ಉತ್ತರ ಎಂಜಿನಿಯರಿಂಗ್ ತರಗತಿಯಲ್ಲಿ ಹೇಳಬೇಕಾದಂಥದ್ದು: ‘ಮಾಡ್ಲಿಕ್ಕೆ ಆಗ್ತದೆ ರಾಯರೆ. ಸದ್ದು ಕಡ್ಮೆ ಆಗ್ಬೇಕಂದ್ರೆ ಭಾರ ಹಾಕ್ಬೇಕು. ಭಾರ ಹಾಕಿದ್ರೆ ಏರಿನಲ್ಲಿ ಎಳೆಯೂದಿಲ್ಲ.’

ಪೂರ್ತಿ ನಿಜ. ಸದ್ದನ್ನು ತಡೆಯುವುದು ಮುಖ್ಯವಾಗಿ ತೂಕ. ಗೋಡೆಯ ಚದರ ಅಡಿಯ ತೂಕ ಇಮ್ಮಡಿಯಾದರೆ ದಾಟಿ ಬರುವ ಸದ್ದು ಹೆಚ್ಚುಕಡಿಮೆ 6 ಡೆಸಿಬೆಲ್ ಇಳಿಯುತ್ತದೆ. ನಮ್ಮ ಕಿವಿಗೆ ಸದ್ದು ಅರ್ಧಕ್ಕೆ ಇಳಿದಂತೆ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಕಾರಿನೊಳಗೆ ನಿಶ್ಶಬ್ದ ಇರುವುದು ತಗಡು, ಗಾಜು, ಡಾಂಬರಿನ ಹಾಳೆ, ಕಂಬಳಿ, ಬಾಗಿಲಿನ ರಬ್ಬರು ಎಲ್ಲ ಸೇರಿದ ತೂಕದಿಂದ ಮತ್ತು ಎಲ್ಲೂ ಬಿರುಕಿಲ್ಲದೆ ಮುಚ್ಚಿದ್ದರಿಂದ. ರಿಕ್ಷಾಕ್ಕೆ ಬಾಗಿಲಿಲ್ಲ. ಮೇಲೆ ರೆಕ್ಸಿನ್ನಿನ ಟಾಪು, ಮಳೆಗಾಲದಲ್ಲಿ ಬದಿಗೆ ಟರ್ಪಾಲಿನ ಪರದೆ. ಎಂಜಿನ್ನು ಹಿಂದಿನ ಸೀಟಿನ ಬುಡದಲ್ಲೇ ಇದೆ, ಅದೂ ಒಂದೇ ಸಿಲಿಂಡರಿನದು, ಸುಮಾರು 200 ಸಿಸಿ. ಫೋರ್ ಸ್ಟ್ರೋಕ್ ಎಂಜಿನ್ನು ನಿಮಿಷಕ್ಕೆ 3,600 ಸುತ್ತು ತಿರುಗುವಾಗ ಸೆಕೆಂಡಿಗೆ 30 ಸಲ ಸಿಡಿಯುತ್ತದೆ. ಅಂದರೆ ಕಿವಿಗಿಂತ ಮೊದಲು ಬೆನ್ನುಮೂಳೆಗೆ ಗೊತ್ತಾಗುವಷ್ಟು ತಗ್ಗಿನ ನಾದ. ತಗ್ಗಿನ ಸದ್ದನ್ನು ತಡೆಯುವುದೇ ಎಲ್ಲಕ್ಕಿಂತ ಕಷ್ಟ, ಸ್ಪಂಜಿನ ತುಂಡು ಇಟ್ಟರೆ ಏನೂ ಆಗದು. ಹೊಸ ಗಾಡಿ ಕಾರ್ಖಾನೆಯಿಂದ ಹೊರಬೀಳುವಾಗ 175 ಸಿಸಿ ಮೀರಿದ ಮೂರು ಗಾಲಿಗೆ 80 ಡೆಸಿಬೆಲ್ ಸದ್ದು ಮಾಡಲು ನಮ್ಮ ಕಾಯ್ದೆಯಲ್ಲಿ ಒಪ್ಪಿಗೆ ಇದೆ. ಅದು ಗಾಡಿಯ ಹೊರಗೆ ನಿಂತು ಅಳೆದ ಲೆಕ್ಕ. ಸೈಲೆನ್ಸರ್ ತೂತು ಬಿದ್ದ ಮೇಲಿನ ಮಾತು ಬೇರೆ.

ಇಲ್ಲಿ ಯಕ್ಷಗಾನದ ಮಾತು ತರದೆ ಮುಂದೆ ಹೋಗಲಾರೆ. ಹೊನ್ನಾವರದ ಗುಣವಂತೆಯ ಕೆರೆಮನೆ ಮೇಳದವರ ಸೀಮೆ ನಮ್ಮದು. ಬಯಲಾಟ ನಡೆಯುವಾಗ ದೂರದ ಗದ್ದೆಯ ಬದುವಿನ ಮೇಲೆ ನಡೆದು ಬರುವವರಿಗೆ ಮೊದಲು ಕೇಳುವುದು ಚಂಡೆ. ಹತ್ತಿರ ಬಂದಂತೆ ಭಾಗವತರ ಸ್ವರ, ಇನ್ನೂ ಹತ್ತಿರವಾದ ಮೇಲೆ ಮದ್ದಲೆಯ ಎಡದ ಗುಮುಕಿ. ಈಗ ಅದೇ ಪದ್ಯವನ್ನು ರಿಕ್ಷಾದ ಸ್ಪೀಕರಿನಲ್ಲಿ ಕೇಳಿ ನೋಡಿ. ಎಂಜಿನ್ನಿನ ತಗ್ಗು ಮೊರೆತ ಮದ್ದಲೆಯನ್ನು ಪೂರ್ತಿ ನುಂಗಿಬಿಡುತ್ತದೆ. ಭಾಗವತರ ಸ್ವರದ ಕೆಳಗಿನ ಅಂಚೂ ಹೋಗುತ್ತದೆ. ಚೂಪಾದ ಪೆಟ್ಟಿನ ಚಂಡೆ ಮಾತ್ರ ಉಳಿಯುತ್ತದೆ. ತಗ್ಗಿನ ದೊಡ್ಡ ಸದ್ದು ತನಗಿಂತ ಮೇಲಿನ ಸಣ್ಣ ಸದ್ದನ್ನು ಮುಚ್ಚುವುದು ಕಿವಿಯ ಸ್ವಭಾವ. ಮದ್ದಲೆ ಬೇಕೆಂಬ ಆಸೆಯಿಂದಲೇ ಚಾಲಕರು ಸೀಟಿನ ಹಿಂದೆ ಬಾಸಿನ ದೊಡ್ಡ ಪೆಟ್ಟಿಗೆ ಇಡುತ್ತಾರೆ, ವಾಲ್ಯೂಮ್ ಏರಿಸುತ್ತಾರೆ. ದಿನವಿಡೀ ಒಬ್ಬರೇ ಕೂತು ದುಡಿಯುವವರಿಗೆ ಹಾಡು ಸಂಗಾತಿ. ಅದು ಬೇಡ ಎನ್ನುವ ಮನಸ್ಸು ನನಗಿಲ್ಲ. ಆದರೆ ಎಂಜಿನ್ನಿನ ಸದ್ದನ್ನು ಗೆಲ್ಲುವಷ್ಟು ಜೋರಾದ ಹಾಡು ಹಿಂದಿನಿಂದ ಬರುವ ಬಸ್ಸಿನ ಹಾರ್ನನ್ನೂ ಗೆಲ್ಲುತ್ತದೆ. ಸಮಸ್ಯೆ ಅಲ್ಲಿದೆ.

ಬಾಗಿಲಿಲ್ಲದ ಗಾಡಿಯ ಒಂದು ದೊಡ್ಡ ಗುಣವನ್ನು ನಾವು ಲೆಕ್ಕಕ್ಕೆ ಹಿಡಿದೇ ಇಲ್ಲ. ಅಪಘಾತವಾದರೆ ಅದರಲ್ಲಿ ಕಾಯುವುದು ಏನೂ ಇಲ್ಲ: ಎಡಕ್ಕೆ ಬರಿದು, ಬಲಕ್ಕೆ ಒಂದು ಅಡ್ಡ ಕಂಬಿ, ಮುಂದೆ ತೆಳು ತಗಡು ಮತ್ತು ಗಾಜು. ಬೆಲ್ಟಿಲ್ಲ, ಗಾಳಿಚೀಲವಿಲ್ಲ. ಇಷ್ಟೆಲ್ಲ ಇಲ್ಲದ ಕಡೆ ಇರುವುದು ಕೇಳುವ ಸೌಕರ್ಯ. ತಿರುವಿನಾಚೆ ಬರುವ ಬೈಕು, ಪಾಗಾರದ ಹಿಂದಿನಿಂದ ಓಡಿ ಬರುವ ಮಗು, ರಸ್ತೆಗೆ ಇಳಿಯಲಿರುವ ದನದ ಕೊರಳ ಗಂಟೆ, ಎಲ್ಲ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತವೆ. ಸದ್ದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ಮುಟ್ಟುವ ವ್ಯತ್ಯಾಸ ಸೆಕೆಂಡಿನ ಸಾವಿರದ ಒಂದು ಪಾಲೂ ಇಲ್ಲ, ಅಷ್ಟರಿಂದಲೇ ಮೆದುಳು ದಿಕ್ಕನ್ನು ಹೇಳಿಬಿಡುತ್ತದೆ. ತಲೆಯ ಹಿಂದೆ ಎರಡು ಸ್ಪೀಕರು ಗರ್ಜಿಸುತ್ತಿದ್ದರೆ ಈ ಸೂಕ್ಷ್ಮ ಕೆಲಸ ನಿಂತುಹೋಗುತ್ತದೆ. ಚಾಲಕರ ಕಿವಿಯ ಆರೋಗ್ಯದ ಮಾತೂ ಇದೆ: 85 ಡೆಸಿಬೆಲ್ಲಿನ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇದ್ದರೆ ಅದು ಮಿತಿ, 88ಕ್ಕೆ ಏರಿದರೆ 4 ಗಂಟೆ ಮಾತ್ರ ಎನ್ನುವುದು ಹಲವು ದೇಶಗಳ ತಜ್ಞರು ಒಪ್ಪಿದ ಲೆಕ್ಕ. ನಮ್ಮವರು ದುಡಿಯುವುದು ಬೆಳಗಿನ ರೈಲಿನಿಂದ ರಾತ್ರಿಯ ರೈಲಿನ ತನಕ.

ಇನ್ನು ಮೂರು ಗಾಲಿ. ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಎಂದೂ ಕುಂಟುವುದಿಲ್ಲ, ನೆಲ ಹೇಗೇ ಇರಲಿ. ಆದರೆ ಎರಡು ಕಲ್ಲಿನ ನಡುವಿನ ತೆರಪಿನ ಕಡೆಗೆ ಒತ್ತಿದರೆ ಪಾತ್ರೆ ಉರುಳುತ್ತದೆ. ರಿಕ್ಷಾದ್ದೂ ಅದೇ ಲೆಕ್ಕ. ಹೊಂಡಗಳ ದಾರಿಯಲ್ಲಿ ಮೂರೂ ಗಾಲಿ ನೆಲ ಬಿಡದೆ ಕೂತಿರುತ್ತವೆ. ತಿರುವಿನಲ್ಲಿ ಮಾತ್ರ ಮುಂದಿನ ಒಂಟಿ ಗಾಲಿಗೂ ಹಿಂದಿನ ಹೊರಬದಿಯ ಗಾಲಿಗೂ ಎಳೆದ ಗೆರೆಯನ್ನು ದಾಟಿ ಭಾರ ವಾಲಿದರೆ ಗಾಡಿ ಮಗುಚುತ್ತದೆ. ಹಿಂದಿನ ಎರಡು ಗಾಲಿಗಳ ನಡುವಿನ ಅಂತರ ಮೀಟರಿಗಿಂತ ಸ್ವಲ್ಪ ಹೆಚ್ಚು. ಮುಂದೆ ಬಂದಂತೆ ತ್ರಿಕೋನ ಕಿರಿದಾಗುತ್ತ ಹೋಗುತ್ತದೆ. ಆದ್ದರಿಂದ ಭಾರ ಹಿಂದಿದ್ದಷ್ಟೂ ಕ್ಷೇಮ. ಚಾಲಕರ ಪಕ್ಕದಲ್ಲಿ ಅರ್ಧ ಸೀಟಿನ ಮೇಲೆ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಕೂರುತ್ತಾರಲ್ಲ, ಅದರಿಂದ ಹ್ಯಾಂಡಲ್ ತಿರುಗಿಸಲು ತೊಂದರೆ ಎಂದು ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ಅಪಾಯ, ಭಾರವೆಲ್ಲ ತ್ರಿಕೋನದ ಚೂಪಿನ ಕಡೆಗೆ ಸರಿಯುವುದು. ತಿರುವಿನಲ್ಲಿ ಬ್ರೇಕ್ ಒತ್ತಿದಾಗಲೂ ಇದೇ ಆಗುತ್ತದೆ. ವೇಗದ ಪಾತ್ರ ಇನ್ನೂ ಕಠಿಣ: 20 ಕಿಲೋಮೀಟರಿನಲ್ಲಿ ದಾಟಿದ ತಿರುವನ್ನು 40ರಲ್ಲಿ ದಾಟಿದರೆ ಹೊರಕ್ಕೆ ತಳ್ಳುವ ಬಲ ನಾಲ್ಕು ಪಟ್ಟು.

ಸದ್ದಿಗೂ ಮಗುಚುವಿಕೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಸದ್ದು ತಡೆಯಲು ಮೇಲೆ ಗಟ್ಟಿ ಮಾಡು, ಬದಿಗೆ ಬಾಗಿಲು, ಗಾಜು ಹಾಕಿದರೆ ಭಾರವೆಲ್ಲ ಎತ್ತರದಲ್ಲಿ ಕೂರುತ್ತದೆ. ಭಾರ ಮೇಲೇರಿದಷ್ಟೂ ಮೂರು ಗಾಲಿಯ ಗಾಡಿ ವಾಲುವುದು ಸಲೀಸು. ಕಿರಿದಾದ ಗಾಡಿಗೆ ನಿಶ್ಶಬ್ದ ಬೇಕಾದರೆ ಸ್ಥಿರತೆಯನ್ನು ಸ್ವಲ್ಪ ಬಿಟ್ಟುಕೊಡಬೇಕು. ಅಗಲ ಮಾಡಿದರೆ ಎರಡೂ ಸಿಗುತ್ತವೆ, ಆದರೆ ಗಾಡಿ ನಮ್ಮ ಪಾಗಾರದ ದಾರಿಗೆ ಬರುವುದಿಲ್ಲ.

ಮುಚ್ಚಿದ ಮೈಯ ಮೂರು ಗಾಲಿಯ ಕಾರನ್ನು ಯಾರೂ ಮಾಡಲಿಲ್ಲವೇ? ನಮ್ಮ ರಾಜ್ಯದಲ್ಲೇ ಮಾಡಿದ್ದರು. ಬೆಂಗಳೂರಿನ ಸನ್‌ರೈಸ್ ಆಟೋಮೋಟಿವ್ ಕಂಪನಿ 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಗಾಲಿಯ ಪುಟ್ಟ ಕಾರನ್ನು ರಸ್ತೆಗೆ ತಂದಿತು. ಫೈಬರ್ ಗ್ಲಾಸಿನ ಮೈ, ಹಿಂಬದಿಯಲ್ಲಿ 198 ಸಿಸಿಯ ಟೂ ಸ್ಟ್ರೋಕ್ ಎಂಜಿನ್ನು. ಅದೇ ಕಂಪನಿ ಮುಂದೆ ಸಿಪಾನಿ ಎಂಬ ಹೆಸರಿನಲ್ಲಿ 1982ರಲ್ಲಿ ನಾಲ್ಕು ಗಾಲಿಯ ‘ಡಾಲ್ಫಿನ್’ ತಯಾರಿಸಿತು. ಅದಕ್ಕೆ ಮೂಲ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಾರು. ರಿಲಯಂಟಿನ ‘ರಾಬಿನ್’ 1973ರಿಂದ ಅಲ್ಲಿನ ಬೀದಿಯಲ್ಲಿದ್ದ ಮೂರು ಗಾಲಿಯ ಕಾರು, ಮುಂದೆ ಒಂದೇ ಗಾಲಿ, ಮೈ ಫೈಬರಿನದೇ. ತೂಕ ಸುಮಾರು 450 ಕಿಲೊದೊಳಗಿದ್ದರೆ ಮೋಟಾರ್ ಸೈಕಲ್ಲಿನ ಲೈಸೆನ್ಸಿನಲ್ಲೇ ಓಡಿಸಬಹುದಿತ್ತು, ತೆರಿಗೆಯೂ ಕಡಿಮೆ. 2010ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ಟಿವಿ ಕಾರ್ಯಕ್ರಮ ‘ಟಾಪ್ ಗೇರ್’ ಈ ಕಾರನ್ನು ತಿರುವು ತಿರುವಿನಲ್ಲೂ ಮಗುಚಿ ತೋರಿಸಿ ಜಗತ್ತನ್ನೆಲ್ಲ ನಗಿಸಿತು. ಹಾಗೆ ಮಗುಚುವಂತೆ ಗಾಡಿಯನ್ನು ಮೊದಲೇ ಬದಲಿಸಿದ್ದೆವೆಂದು ನಿರೂಪಕ ಜೆರೆಮಿ ಕ್ಲಾರ್ಕ್ಸನ್ ಕೆಲವು ವರ್ಷಗಳ ಮೇಲೆ ಒಪ್ಪಿಕೊಂಡರು. ಆ ಅನ್ಯಾಯ ನನಗೆ ಈಗಲೂ ಬೇಸರ ತರುತ್ತದೆ. ಸರಿಯಾದ ವೇಗದಲ್ಲಿ ಓಡಿಸಿದ ಸಾವಿರಾರು ಬಡ ಸಂಸಾರಗಳನ್ನು ಆ ಕಾರು ಊರೂರಿಗೆ ಮುಟ್ಟಿಸಿದೆ. ಮೂರು ಗಾಲಿಗೆ ಅಪಾಯ ಇರುವುದು ನಿಜ, ಆದರೆ ಅದಕ್ಕೊಂದು ವೇಗದ ಮಿತಿ ಇದೆ, ಆ ಮಿತಿಯೊಳಗೆ ಅದು ನಂಬಿಕೆಯ ಗಾಡಿ.

ಹಗುರವಾದ ಗಟ್ಟಿ ಮೈಯನ್ನು ಪೂರ್ತಿ ಮುಚ್ಚಿ ಎಂಜಿನ್ನನ್ನು ಹಿಂದೆ ಕೂರಿಸಿದರೆ ಸದ್ದು ಕಡಿಮೆಯಾಗುತ್ತದೆಂಬ ಭರವಸೆಯೂ ಇಲ್ಲ. ತೆರೆದ ರಿಕ್ಷಾದಲ್ಲಿ ಅರ್ಧ ಸದ್ದು ಗಾಳಿಗೆ ಹೋಗುತ್ತದೆ. ಮುಚ್ಚಿದ ಹಗುರ ಮೈಯಲ್ಲಿ ಅದು ಗೋಡೆಯಿಂದ ಗೋಡೆಗೆ ಬಡಿದು ಒಳಗೇ ಸುತ್ತುತ್ತದೆ. ಬಜಾಜ್ ಕಂಪನಿ 2012ರಲ್ಲಿ ತೋರಿಸಿ 2019ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ತಂದ ‘ಕ್ಯೂಟ್’ ಎಂಬುದು ರಿಕ್ಷಾದಷ್ಟೇ ಕಿರಿದಾದ, ಮಾಡು ಬಾಗಿಲು ಇರುವ, ನಾಲ್ಕು ಗಾಲಿಯ ಗಾಡಿ, 216 ಸಿಸಿಯ ಒಂಟಿ ಸಿಲಿಂಡರಿನದು. ಯುರೋಪಿನಲ್ಲಿ 2016ರಲ್ಲಿ ಅದನ್ನು ಗುದ್ದಿಸಿ ಪರೀಕ್ಷಿಸಿದಾಗ ಸಿಕ್ಕಿದ್ದು ಐದರಲ್ಲಿ ಒಂದು ನಕ್ಷತ್ರ. ಮಗುಚುವ ಭಯ ಕಡಿಮೆಯಾಯಿತು, ಮಳೆ ಬಾರದಾಯಿತು, ಅಷ್ಟು ಒಳ್ಳೆಯದೇ. ಆದರೆ ಒಂದು ಗಾಲಿ, ನಾಲ್ಕು ಬಾಗಿಲು ಸೇರಿಸಿದ ಮಾತ್ರಕ್ಕೆ ಕಿರಿದಾದ ಹಗುರ ಗಾಡಿ ಕಾರಾಗುವುದಿಲ್ಲ.

ಈಗ ಬ್ಯಾಟರಿಯ ರಿಕ್ಷಾ ಬಂದಿದೆ. ಮಹೀಂದ್ರದವರ ‘ಟ್ರಿಯೊ’ 2018ರಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಆಮೇಲೆ ಬೇರೆ ಕಂಪನಿಗಳವೂ ಬಂದವು. ಸದ್ದು ಮತ್ತು ಸುರಕ್ಷತೆಯ ಹಳೆಯ ಲೆಕ್ಕವನ್ನು ಇದು ನಿಜಕ್ಕೂ ಬದಲಿಸಿದೆ. ಭಾರವಾದ ಬ್ಯಾಟರಿ ಸೀಟಿನ ಕೆಳಗೆ, ನೆಲದ ಹತ್ತಿರ ಕೂರುವುದರಿಂದ ಗಾಡಿ ನೆಲಕ್ಕೆ ಹೆಚ್ಚು ಅಂಟಿಕೊಳ್ಳುತ್ತದೆ. ತಗ್ಗು ಮೊರೆತ ಇಲ್ಲ, ಬೆನ್ನು ನಡುಗುವುದಿಲ್ಲ. ಮದ್ದಲೆ ಕೇಳುತ್ತದೆ! ಪೆಟ್ಟಿಗೆಯ ಬಾಸು ಬೇಡ, ಸಣ್ಣ ಸ್ಪೀಕರಿನಲ್ಲಿ ಮೆಲ್ಲಗೆ ಹಾಕಿದರೂ ಪದ್ಯ ಅರ್ಥವಾಗುತ್ತದೆ. ಚಾಲಕರಿಗೆ ಹಿಂದಿನ ವಾಹನದ ಸದ್ದೂ ಸಿಗುತ್ತದೆ. ಕಿರಿದಾದ ಮೂರು ಗಾಲಿಗೆ ಹೇಳಿ ಮಾಡಿಸಿದ ಎಂಜಿನ್ನು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಅದರಲ್ಲೂ ಒಂದು ಕೊರತೆ ಉಂಟು. ಗಾಡಿಯ ಒಳಗಿನವರಿಗೆ ಎಲ್ಲ ಕೇಳುತ್ತದೆ, ಹೊರಗಿನವರಿಗೆ ಗಾಡಿಯೇ ಕೇಳುವುದಿಲ್ಲ. ಸದ್ದಿನ ಗುರುತಿನಿಂದ ಬದಿಗೆ ಸರಿಯುತ್ತಿದ್ದ ಅಜ್ಜಿ, ಕಣ್ಣು ಕಾಣದವರು, ಆಟದಲ್ಲಿ ಮೈಮರೆತ ಮಕ್ಕಳು ಬ್ಯಾಟರಿ ರಿಕ್ಷಾ ಬೆನ್ನಿಗೆ ಬರುವ ತನಕ ತಿರುಗಿ ನೋಡುವುದಿಲ್ಲ. ಯುರೋಪಿನಲ್ಲಿ 2019ರಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳು ಗಂಟೆಗೆ 20 ಕಿಲೋಮೀಟರ್ ವೇಗದ ತನಕ ಮೆಲ್ಲನೆಯ ಒಂದು ಸದ್ದನ್ನು ಹೊರಡಿಸಲೇಬೇಕು. ನಮ್ಮ ಓಣಿಗಳ ರಿಕ್ಷಾಕ್ಕೂ ಅಂಥದ್ದು ಬೇಕು, ಕರ್ಕಶ ಹಾರ್ನಲ್ಲ, ಹಿತವಾದ ಮೆಲುದನಿ.

ಓಣಿಯ ಮಾತಾಯಿತು. ಹೆದ್ದಾರಿಯ ಮಾತು ಹೇಳದಿದ್ದರೆ ಹೇಳಬೇಕಾದದ್ದೇ ಉಳಿಯುತ್ತದೆ. ಹಿಂದೆ 17, ಈಗ 66 ಎಂಬ ನಂಬರಿನ ರಾಷ್ಟ್ರೀಯ ಹೆದ್ದಾರಿ ನಮ್ಮ ಊರನ್ನು ಸೀಳಿಕೊಂಡು ಭಟ್ಕಳದಿಂದ ಹೊನ್ನಾವರ, ಕುಮಟಾ ಕಡೆಗೆ ಹೋಗುತ್ತದೆ. ಎರಡು ಸಾಲಿನ ಡೊಂಕು ರಸ್ತೆಯಾಗಿದ್ದಾಗ ಲಾರಿ, ಬಸ್ಸು, ರಿಕ್ಷಾ ಎಲ್ಲ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೋಗುತ್ತಿದ್ದವು. ಚತುಷ್ಪಥವಾದ ಮೇಲೆ ಕೇಂದ್ರ ಸರಕಾರದ 2018ರ ಆದೇಶದ ಪ್ರಕಾರ ಅಂಥ ರಸ್ತೆಯಲ್ಲಿ ಕಾರಿನ ಮಿತಿ ಗಂಟೆಗೆ 100 ಕಿಲೋಮೀಟರ್, ಮೂರು ಗಾಲಿಯ ಮಿತಿ 50. ಇಬ್ಬರೂ ಕಾನೂನು ಪಾಲಿಸಿದರೂ ಕಾರು ರಿಕ್ಷಾವನ್ನು ಸೆಕೆಂಡಿಗೆ ಸುಮಾರು 14 ಮೀಟರಿನಂತೆ ಬೆನ್ನಟ್ಟುತ್ತದೆ. ನೂರು ಮೀಟರ್ ಹಿಂದಿದ್ದ ಕಾರು ಏಳು ಸೆಕೆಂಡಿನಲ್ಲಿ ಬೆನ್ನಿಗೆ ಬಂದಿರುತ್ತದೆ. ಈಗಿನ ಕಾರಿನ ಎಂಜಿನ್ನು ಮೊದಲಿನಂತೆ ಗದ್ದಲ ಮಾಡುವುದಿಲ್ಲ, ಆ ವೇಗದಲ್ಲಿ ಕೇಳುವುದು ಮುಖ್ಯವಾಗಿ ಟೈರಿನ ಸದ್ದು. ತನ್ನ ಎಂಜಿನ್ನಿನ ಮೊರೆತದ ಮೇಲೆ ಹಾಡನ್ನೂ ಹಾಕಿಕೊಂಡ ಚಾಲಕನಿಗೆ ಅದು ಕೇಳುವ ಸಾಧ್ಯತೆಯೇ ಇಲ್ಲ. ಪಕ್ಕದಿಂದ ಭಾರೀ ಲಾರಿ ಹಾದುಹೋದರೆ ಅದರ ಗಾಳಿಗೇ ಹಗುರವಾದ ರಿಕ್ಷಾ ಅಲುಗುತ್ತದೆ.

ರಿಕ್ಷಾವನ್ನು ಇನ್ನಷ್ಟು ಗಟ್ಟಿ ಮಾಡಿ, ಬಾಗಿಲು ಹಾಕಿ, ಕಾರಿನೊಂದಿಗೆ ಓಡಿಸುವುದು ಇದಕ್ಕೆ ಉತ್ತರವಲ್ಲ. ಅದರ ವೇಗಕ್ಕೆ, ಅದರ ಅಗಲಕ್ಕೆ ಒಪ್ಪುವ ದಾರಿ ಬೇಕು. ಮುರುಡೇಶ್ವರದ ತಿರುವಿನಿಂದ ಸ್ಟೇಶನ್ನಿಗೆ, ಶಿರಾಲಿಗೆ, ಭಟ್ಕಳಕ್ಕೆ ದಿನ ಬೆಳಗಾದರೆ ಹೋಗಿಬರುವ ರಿಕ್ಷಾಗಳು ಹೆದ್ದಾರಿಯ ವೇಗದ ಸಾಲಿಗೆ ಇಳಿಯದೆ ಸಾಗಬೇಕು. ಎರಡೂ ಬದಿಗೆ ತುಂಡಾಗದ ಸರ್ವಿಸ್ ರಸ್ತೆ, ಹೆದ್ದಾರಿಯ ಅಡಿಯಿಂದ ದಾಟುವ ದಾರಿ, ಇವನ್ನು ಪಂಚಾಯತಿನವರು, ಶಾಸಕರು, ಸಂಸದರು ಎಲ್ಲರೂ ಸೇರಿ ಕೇಳಿ ಪಡೆಯಬೇಕು. ಅದು ಆಗುವ ತನಕ ಚಾಲಕ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟು: ಓಣಿಯಲ್ಲಿ ಹಾಡು ಇರಲಿ, ಹೆದ್ದಾರಿಗೆ ಹತ್ತುವ ಮೊದಲು ಅದನ್ನು ನಿಲ್ಲಿಸಿ. ಹತ್ತುವವರೂ ಒಂದು ಮಾತು ನಡೆಸಿಕೊಡಿ. ಹಿಂದಿನ ಸೀಟು ತುಂಬಿದ್ದರೆ ಚಾಲಕರ ಪಕ್ಕ ತೂರಿಕೊಂಡು ಕೂರಬೇಡಿ, ಇನ್ನೊಂದು ರಿಕ್ಷಾ ಬರುತ್ತದೆ.